ಅವರೆಕಾಳು ಹಿದುಕುತ್ತಾ ನೋಡಿದ ಸ್ಟಾರ್ ಟ್ರೆಕ್

ಮೊದಲೇ ಹೇಳಿಬಿಡುತ್ತೇನೆ, ನನಗೆ ಸೈನ್ಸ್ ಫಿಕ್ಷನ್ ಹುಚ್ಚೇನೂ ಇಲ್ಲ. ಈ ಡಿಸ್ಕ್ ಪೆಟ್ಟಿಗೆ ಮನೆಗೆ ಬಂದದ್ದು ಅಣ್ಣನ ಕಾಟಕ್ಕೆ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಸ್ಟಾರ್ ಟ್ರೆಕ್ ಬರುತ್ತಿತ್ತು. ಅವನು ಮೈಸೂರಿನ ದೊಡ್ಡಪ್ಪನ ಮನೆಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನೋಡಿದವನು. ನಾನಾಗ ತೊಟ್ಟಿಲಲ್ಲಿದ್ದೆ. ಅವತ್ತಿನಿಂದ ಇವತ್ತಿನವರೆಗೆ ಮಾತೆತ್ತಿದರೆ ಸ್ಪಾಕ್, ಸ್ಪಾಕ್. ಕಥೆ ಏನು ಅಂತ ಕೇಳಿದರೆ ಮಾತ್ರ ಒಂದೂ ನೆನಪಿಲ್ಲ, ಆ ಚೂಪು ಕಿವಿ ಒಂದು ನೆನಪಿದೆ.

ಹೋದ ಡಿಸೆಂಬರ್‌ನಲ್ಲಿ ಒಬ್ಬರು ಹಳೇ ಬ್ಲೂ-ರೇ ಸೆಟ್ ಮಾರುತ್ತಿದ್ದರು, ಸುಮ್ನೆ ತಗೊಂಡೆ. ಅದೇ ಹೊತ್ತಿಗೆ ಅಮ್ಮ ಊರಿಂದ ಬಂದಿದ್ದರು, ಜೊತೆಗೆ ಒಂದು ಚೀಲ ಅವರೆಕಾಯಿ. ರಾತ್ರಿ ಊಟ ಆದ ಮೇಲೆ ಇಬ್ಬರೂ ಟಿವಿ ಮುಂದೆ ಕೂತು, ನೆನೆಸಿದ ಕಾಳು ಹಿದುಕುತ್ತಾ ದಿನಕ್ಕೊಂದು ಕಂತು, ಕೆಲವು ದಿನ ಎರಡು. ಅಮ್ಮನಿಗೆ ಇಂಗ್ಲಿಷ್ ಬರಲ್ಲ. ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಆದ್ದರಿಂದ ಇದು ಎರಡು ಜನ ಸೇರಿ ಮಾಡಿದ ವಿಮರ್ಶೆ ಅಂತ ಓದಿಕೊಳ್ಳಿ.

ಗೊತ್ತಿಲ್ಲದವರಿಗೆ ಎರಡು ಮಾತು. ಜೀನ್ ರಾಡೆನ್‌ಬೆರಿ ಅನ್ನುವವರು ಕಟ್ಟಿದ ಸರಣಿ, ಅಮೆರಿಕದ ಎನ್‌ಬಿಸಿಯಲ್ಲಿ 1966ರ ಸೆಪ್ಟೆಂಬರ್ 8ರಿಂದ 1969ರ ಜೂನ್ 3ರವರೆಗೆ ಬಂತು. ಮೂರು ಸೀಸನ್, 79 ಕಂತು, ಒಂದೊಂದೂ ಹೆಚ್ಚುಕಮ್ಮಿ ಐವತ್ತು ನಿಮಿಷ. ಎಂಟರ್‌ಪ್ರೈಸ್ ಅನ್ನುವ ಅಂತರಿಕ್ಷ ಹಡಗು, ಕ್ಯಾಪ್ಟನ್ ಕರ್ಕ್, ಅರ್ಧ ವಲ್ಕನ್ (ಅಂದರೆ ಬೇರೆ ಗ್ರಹದವನು) ಅರ್ಧ ಮನುಷ್ಯ ಆಗಿರುವ ಸ್ಪಾಕ್, ಸದಾ ಸಿಡುಕುವ ಡಾಕ್ಟರ್ ಮಕಾಯ್. ಸರಣಿ ಮುಗಿದು ಏಳು ವಾರಕ್ಕೆ ಮನುಷ್ಯ ನಿಜವಾಗಿ ಚಂದ್ರನ ಮೇಲೆ ಇಳಿದ. ಅಂದರೆ ಇವರು ಇದನ್ನೆಲ್ಲ ಬರೆಯುವಾಗ ಯಾರೂ ಇನ್ನೂ ಭೂಮಿ ಬಿಟ್ಟು ಬೇರೆ ನೆಲದ ಮೇಲೆ ಕಾಲಿಟ್ಟಿರಲಿಲ್ಲ.

ಮೊದಲ ವಾರ ನಗುವುದೇ ಆಯಿತು. ಬಂಡೆಗಳೆಲ್ಲ ಥರ್ಮಾಕೋಲ್‌ನ ಹಾಗೆ ಹಗುರ, ಆಕಾಶ ಅಂದರೆ ನೇರಳೆ ಬಣ್ಣದ ಪರದೆ, ಹಡಗಿಗೆ ಏಟು ಬಿದ್ದರೆ ಕ್ಯಾಮೆರಾ ಓರೆ ಮಾಡುತ್ತಾರೆ, ನಟರೆಲ್ಲ ಒಂದೇ ಕಡೆಗೆ ಮುಗ್ಗರಿಸುತ್ತಾರೆ. ಬೆಳಕಿನ ವೇಗ ಮೀರಿ ಹೋಗುವ ಹಡಗಲ್ಲಿ ಒಬ್ಬರಿಗೂ ಸೀಟ್ ಬೆಲ್ಟ್ ಇಲ್ಲ. ತನ್ನಷ್ಟಕ್ಕೆ ತೆರೆಯುವ ಬಾಗಿಲುಗಳನ್ನು ಹಿಂದೆ ನಿಂತ ಆಳುಗಳು ಕೈಯಲ್ಲಿ ಎಳೆಯುತ್ತಿದ್ದರಂತೆ. ಮಕಾಯ್ ರೋಗಿಯ ಮೈಮೇಲೆ ಆಡಿಸುವ ಆ ಮಿರಮಿರ ಮಿಂಚುವ ಉಪಕರಣ ಇದೆಯಲ್ಲ, ಅದು ಉಪ್ಪಿನ ಡಬ್ಬಿ. ಮೊದಲು ಪ್ರಸಾರವಾದ 'ಮ್ಯಾನ್ ಟ್ರ್ಯಾಪ್' ಕಂತಿಗೆ ಅಂತ ಚಂದದ ಉಪ್ಪಿನ ಡಬ್ಬಿಗಳನ್ನು ತಂದರು. ಆಮೇಲೆ ನೋಡಿದರೆ ಅವು ಉಪ್ಪಿನ ಡಬ್ಬಿ ಅಂತ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ, ಡಾಕ್ಟರ ಕೈಗೆ ಕೊಟ್ಟುಬಿಟ್ಟರು. ನನಗೆ ಇದು ಗೊತ್ತಾದ ಮೇಲೆ ಆಪರೇಷನ್ ಸೀನ್ ಬಂದರೆ ಮುಗೀತು.

ಇನ್ನು ನಾಯಕಿ ಹತ್ತಿರದಿಂದ ಕಂಡರೆ ಸಾಕು, ಪರದೆ ಮಂಜು ಮಂಜು. ಎದುರಿಗಿರುವ ಕರ್ಕ್ ಮುಖ ಸ್ಪಷ್ಟ, ಆಕೆಯ ಮುಖ ಹಬೆಯ ಒಳಗಿಂದ ನೋಡಿದ ಹಾಗೆ. ಆ ಕಾಲಕ್ಕೆ ಹೆಂಗಸರ ಮುಖ ಮೆತ್ತಗೆ ಕಾಣಲಿ ಅಂತ ಲೆನ್ಸ್ ಮುಂದೆ ಏನಾದರೂ ಹಾಕಿ ತೆಗೆಯುತ್ತಿದ್ದರು. ಅಮ್ಮ ಎರಡು ಸಲ ಎದ್ದು ಹೋಗಿ ಸೆರಗಲ್ಲಿ ಟಿವಿ ಒರೆಸಿದರು.

ಆದರೆ ಒಂದು ವಿಷಯ ನಿಧಾನಕ್ಕೆ ತಲೆಗೆ ಹೋಯಿತು. ಇದರಲ್ಲಿ ಒಳ್ಳೆಯದಾಗಿರುವುದೆಲ್ಲ ದುಡ್ಡಿಲ್ಲದ ಕಡೆಯೇ ಹುಟ್ಟಿದೆ. ಟ್ರಾನ್ಸ್‌ಪೋರ್ಟರ್ ತಗೊಳ್ಳಿ. ವಾರ ವಾರ ಅಷ್ಟು ದೊಡ್ಡ ಹಡಗನ್ನು ಒಂದೊಂದು ಗ್ರಹದ ಮೇಲೆ ಇಳಿಸಿ ತೋರಿಸೋದು ಕೈಗೆಟುಕುವ ಖರ್ಚಲ್ಲ. ಅದಕ್ಕೇ ಮನುಷ್ಯರನ್ನು ಮಿಣಮಿಣ ಅಂತ ಕರಗಿಸಿ ಕೆಳಗೆ ಮೂಡಿಸಿದರು. ಆ ಮಿಣಮಿಣ ಏನು ಅಂದರೆ ಬೆಳಕಿನಲ್ಲಿ ಉದುರಿಸಿದ ಅಲ್ಯೂಮಿನಿಯಂ ಪುಡಿ. ಅಮ್ಮನಿಗೆ ಇದನ್ನು ವಿವರಿಸಲೇ ಬೇಕಾಗಲಿಲ್ಲ. ಪೌರಾಣಿಕ ಸಿನಿಮಾ ನೋಡಿ ಬೆಳೆದವರು, ನಾರದ ಮಾಯ ಆಗುವುದನ್ನು ಎಷ್ಟು ಸಲ ನೋಡಿಲ್ಲ! "ತಂಬೂರಿ ಒಂದಿಲ್ಲ ಅಷ್ಟೆ" ಅಂದರು.

ಸೆಟ್ ಕಟ್ಟಲು ದುಡ್ಡಿಲ್ಲದಾಗ ಏನು ಮಾಡುತ್ತಾರೆ? ಪಾತ್ರಗಳನ್ನು ಒಂದು ಕೋಣೆಯಲ್ಲಿ ಕೂರಿಸಿ ಮಾತಾಡಿಸುತ್ತಾರೆ. 'ಬ್ಯಾಲೆನ್ಸ್ ಆಫ್ ಟೆರರ್' ಅಂತ ಒಂದು ಕಂತಿದೆ, 1966ರ ಡಿಸೆಂಬರ್‌ನದು. ಬಹುಪಾಲು ಎರಡೇ ಕೋಣೆ, ನಮ್ಮ ಹಡಗಿನದೊಂದು, ಕಣ್ಣಿಗೆ ಕಾಣದ ಶತ್ರು ಹಡಗಿನದೊಂದು. ಇಬ್ಬರು ಕ್ಯಾಪ್ಟನ್‌ಗಳು ಒಬ್ಬರನ್ನೊಬ್ಬರು ಊಹೆ ಮಾಡುತ್ತಾ ಕೂತಿರುತ್ತಾರೆ, ಇವನು ಎಡಕ್ಕೆ ಹೋದರೆ ಅವನು ಏನು ಮಾಡಿಯಾನು ಅಂತ. ಅಷ್ಟೇ ಕಥೆ. ಶುರುವಾಗುವುದು ಒಂದು ಮದುವೆಯಿಂದ. ಹಡಗಿನೊಳಗೇ ಮದುವೆ, ಮುಹೂರ್ತಕ್ಕೆ ಸರಿಯಾಗಿ ಅಲಾರಂ ಹೊಡೆದು ವಧು ವರ ಇಬ್ಬರೂ ಡ್ಯೂಟಿಗೆ ಓಡುತ್ತಾರೆ. ನಾನು ಯುದ್ಧದಲ್ಲಿ ಮುಳುಗಿ ಮದುವೆ ಮರೆತೇಬಿಟ್ಟಿದ್ದೆ. ಅಮ್ಮ ಮರೆತಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ "ಆ ಹುಡುಗಿ ಎಲ್ಲೇ?" ಕೊನೆಗೆ ಎಂಟರ್‌ಪ್ರೈಸ್‌ನಲ್ಲಿ ಸಾಯುವುದು ಒಬ್ಬನೇ, ಆ ವರ. ಅವತ್ತು ಕಾಳಿನ ಪಾತ್ರೆ ಹಾಗೇ ಉಳಿಯಿತು. ಶತ್ರು ಕ್ಯಾಪ್ಟನ್ ಮಾಡಿದ ಮಾರ್ಕ್ ಲೆನಾರ್ಡ್ ಎರಡನೇ ಸೀಸನ್‌ನಲ್ಲಿ ಸ್ಪಾಕ್‌ನ ಅಪ್ಪನಾಗಿ ಬರುತ್ತಾರೆ. ನೋಡಿದ ತಕ್ಷಣ ಅಮ್ಮ "ಇವನು ಅವತ್ತೇ ಸತ್ತನಲ್ಲ" ಅಂದರು. ನಾನು ಗೂಗಲ್ ಮಾಡಿ ನೋಡಬೇಕಾಯಿತು.

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಮೆಚ್ಚಿದ್ದು 'ಡೆವಿಲ್ ಇನ್ ದ ಡಾರ್ಕ್', 1967ರದು. ಅದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಕಥೆ ಗೊತ್ತಾಗಬಾರದು ಅನ್ನುವವರು ಈ ಪ್ಯಾರಾ ದಾಟಿ ಹೋಗಿ. ಒಂದು ಗಣಿ. ಕತ್ತಲಲ್ಲಿ ಏನೋ ಒಂದು ಬಂದು ಗಣಿ ಕೆಲಸದವರನ್ನು ಸುಟ್ಟು ಸಾಯಿಸುತ್ತಿದೆ. ಮೇಲಧಿಕಾರಿಯ ಮೇಜಿನ ಮೇಲೆ ಗುಂಡಗಿನ ಒಂದು ಕಲ್ಲಿನ ಚೆಂಡು ಇದೆ, ಇಂಥವು ಕೆಳಗೆ ಸಾವಿರಗಟ್ಟಲೆ ಸಿಕ್ಕಿವೆ, ಕೆಲಸಕ್ಕೆ ಬಾರದವು ಅನ್ನುತ್ತಾನೆ. ಸ್ಪಾಕ್ ಅದನ್ನು ಕೈಗೆತ್ತಿಕೊಂಡು ಒಂದು ಹುಬ್ಬು ಏರಿಸುತ್ತಾನೆ. ಇಲ್ಲಿ ನಾನಿನ್ನೂ ಸಬ್‌ಟೈಟಲ್ ಓದುತ್ತಿದ್ದೆ. ಅಮ್ಮ ಕಾಳಿನಿಂದ ತಲೆಯೆತ್ತದೇ ಹೇಳಿದರು, "ಅದು ಮೊಟ್ಟೆ ಕಣೇ. ಕಾವಿಗೆ ಕೂತ ಕೋಳಿ ಹತ್ರ ಕೈ ಹಾಕಿದ್ರೆ ಕುಕ್ಕದೆ ಬಿಡುತ್ತಾ?"

ಇನ್ನೂ ಮುಕ್ಕಾಲು ಗಂಟೆ ಬಾಕಿ ಇತ್ತು!

ಹಾರ್ಟಾ ಅನ್ನುವ ಆ ಪ್ರಾಣಿ ನೋಡಲು ಹಂಚಿಗೆ ಅಂಟಿ ಸೀದುಹೋದ ಒಬ್ಬಟ್ಟಿನ ಹಾಗಿದೆ. ಒಳಗೆ ಒಬ್ಬ ಮನುಷ್ಯ ಮಂಡಿಯೂರಿ ತೆವಳುತ್ತಿದ್ದಾನೆ ಅಂತ ಸಣ್ಣ ಮಗುವಿಗೂ ಗೊತ್ತಾಗುತ್ತದೆ. ಆದರೂ ಸ್ಪಾಕ್ ಅದರ ಮೈಮೇಲೆ ಕೈಯಿಟ್ಟು ಅದರ ನೋವನ್ನು ತಾನು ಕೂಗಿ ಹೇಳುವಾಗ ಯಾರಿಗೆ ಬೇಕು ಸೆಟ್ಟು, ಗ್ರಾಫಿಕ್ಸು! ಸ್ಪಾಕ್ ಪಾತ್ರದ ಲಿಯೊನಾರ್ಡ್ ನಿಮೊಯ್ ಒಂದು ರಬ್ಬರ್ ಗುಡ್ಡೆಯ ಮುಂದೆ ಕೂತು ಅದನ್ನು ತಾಯಿ ಮಾಡಿಬಿಡುತ್ತಾರೆ. ಆಮೇಲೆ ಗಾಯಕ್ಕೆ ಔಷಧಿ ಹಾಕು ಅಂದರೆ ಮಕಾಯ್ ರೇಗುತ್ತಾನೆ, ನಾನು ಡಾಕ್ಟರು, ಗಾರೆ ಕೆಲಸದವನಲ್ಲ ಅಂತ. ಯಾಕೆಂದರೆ ಪ್ರಾಣಿಯ ಮೈ ಕಲ್ಲು. ಬೈದುಕೊಂಡೇ ಹೋಗಿ ಕಾಂಕ್ರೀಟ್ ಮೆತ್ತಿ ಬರುತ್ತಾನೆ.

ಈ ಮೂರು ಜನರ ಜಗಳವೇ ಸರಣಿಯ ಜೀವ. ಸ್ಪಾಕ್ ಲೆಕ್ಕ ಹೇಳುತ್ತಾನೆ, ಮಕಾಯ್ ಕರುಳು ಹಿಂಡುತ್ತಾನೆ, ನಡುವೆ ಕರ್ಕ್ ಇಬ್ಬರ ಮಾತೂ ಕೇಳಿ ತನಗೆ ತೋಚಿದ್ದು ಮಾಡುತ್ತಾನೆ. ಕರ್ಕ್ ಪಾತ್ರದ ವಿಲಿಯಂ ಶಾಟ್ನರ್ ಜಾಸ್ತಿ ಆ್ಯಕ್ಟ್ ಮಾಡುತ್ತಾರೆ ಅಂತ ಎಲ್ಲರೂ ಆಡಿಕೊಳ್ಳುತ್ತಾರೆ. ಹೌದು, ಮಾಡುತ್ತಾರೆ. ಅಂಗಿಯಂತೂ ವಾರ ಬಿಟ್ಟು ವಾರ ಹರಿಯುತ್ತದೆ, ಹೊಡೆದಾಟದಲ್ಲಿ ಡ್ಯೂಪ್ ಮುಖ ಸಲೀಸಾಗಿ ಕಾಣುತ್ತದೆ. ಆದರೆ ಅಷ್ಟು ಬಡ ಸೆಟ್ಟಿನಲ್ಲಿ ಒಬ್ಬರಾದರೂ ಕಂಪನಿ ನಾಟಕದ ರಾಜಾಪಾರ್ಟಿನ ಹಾಗೆ ಎದೆಯುಬ್ಬಿಸಿ ನಿಲ್ಲಬೇಕಿತ್ತು, ಇಲ್ಲದಿದ್ದರೆ ನಂಬುವವರು ಯಾರು?

'ಸಿಟಿ ಆನ್ ದ ಎಡ್ಜ್ ಆಫ್ ಫಾರೆವರ್' ಬಗ್ಗೆ ಹೆಚ್ಚು ಹೇಳಲ್ಲ. ಕರ್ಕ್, ಸ್ಪಾಕ್ ಇಬ್ಬರೂ 1930ರ ನ್ಯೂಯಾರ್ಕ್‌ಗೆ ಹೋಗಿ ಬೀಳುತ್ತಾರೆ, ಅಲ್ಲಿ ಬಡವರಿಗೆ ಅನ್ನ ಹಾಕುವ ಹೆಂಗಸೊಬ್ಬಳು, ಜೋನ್ ಕಾಲಿನ್ಸ್. ಅಮ್ಮ "ಕರ್ಕೊಂಡು ಹೋಗ್ತಾನೆ ನೋಡ್ತಿರು, ಅಲ್ಲೇ ಮದುವೆ" ಅಂತ ತೀರ್ಮಾನ ಕೊಟ್ಟಿದ್ದರು. ಇದೊಂದರಲ್ಲಿ ಅವರ ಲೆಕ್ಕ ತಪ್ಪಿತು. ಮುಗಿದ ಮೇಲೆ ಇನ್ನೊಂದು ಕಂತು ಹಾಕಲಾ ಅಂದರೆ ಬೇಡ ಅಂದರು.

ನಗಬೇಕು ಅಂದರೆ 'ಸ್ಪೇಸ್ ಸೀಡ್' ನೋಡಿ. ವಿಲನ್ ಹೆಸರು ಖಾನ್ ನೂನಿಯನ್ ಸಿಂಗ್. ಉತ್ತರ ಭಾರತದವನು, ಬಹುಶಃ ಸಿಖ್ ಅನ್ನುತ್ತಾಳೆ ಹಡಗಿನ ಇತಿಹಾಸ ತಜ್ಞೆ. ಹೆಸರಲ್ಲಿ ಖಾನ್, ಸಿಂಗ್ ಎರಡೂ, ಗಡ್ಡ ಮಾತ್ರ ಇಲ್ಲ, ಪೇಟ ಬರೀ ಆಕೆ ಬರೆದ ಚಿತ್ರದಲ್ಲಿ. ಮಾಡಿದವರು ಮೆಕ್ಸಿಕೋದ ರಿಕಾರ್ಡೊ ಮೊಂಟಲ್ಬಾನ್. ಇವನು 1992ರಿಂದ 1996ರವರೆಗೆ ಭೂಮಿಯ ಕಾಲು ಭಾಗಕ್ಕಿಂತ ಜಾಸ್ತಿ ಆಳಿದ್ದನಂತೆ, ಏಷ್ಯಾದಿಂದ ಮಧ್ಯಪ್ರಾಚ್ಯದವರೆಗೆ. 1992ರಲ್ಲಿ ನಾನು ಮೂರನೇ ಕ್ಲಾಸು. ನಮ್ಮ ಮೇಷ್ಟ್ರಿಗೂ ಈ ವಿಷಯ ಗೊತ್ತಿರಲಿಲ್ಲ. ತಮಾಷೆ ಬಿಟ್ಟು ಹೇಳಬೇಕು ಅಂದರೆ ಮೊಂಟಲ್ಬಾನ್ ಗತ್ತು ಎಂಥದ್ದು ಅಂದರೆ ಆ ಹೆಸರನ್ನೂ ಅರಗಿಸಿಕೊಂಡುಬಿಡುತ್ತಾರೆ.

ನನಗೆ ನಿಜವಾಗಿ ಹಳೆಯದು ಅನ್ನಿಸಿದ್ದು ಥರ್ಮಾಕೋಲ್ ಬಂಡೆಗಳಲ್ಲ, ಹೆಂಗಸರ ಪಾಡು. ಎಲ್ಲರಿಗೂ ತೊಡೆ ಕಾಣುವ ಲಂಗ, ಕೈಯಲ್ಲಿ ಕಾಫಿ ತಟ್ಟೆ, ಹೆದರಿದಾಗ ಕ್ಯಾಪ್ಟನ್ ತೋಳು. ಎನ್‌ಬಿಸಿ ಬೇಡ ಅಂದ ಮೊದಲ ಪೈಲಟ್ ಕಂತಿನಲ್ಲಿ (ಚಾನೆಲ್‌ಗೆ ತೋರಿಸಲು ಮೊದಲು ಮಾಡುವ ಮಾದರಿ ಕಂತು) ಹಡಗಿನ ಎರಡನೇ ಅಧಿಕಾರಿ ಒಬ್ಬ ಹೆಂಗಸು, ಮೇಜಲ್ ಬ್ಯಾರೆಟ್ ಮಾಡಿದ ಪಾತ್ರ, ಗಂಭೀರ, ಚುರುಕು. ಎರಡನೇ ಪೈಲಟ್ ಹೊತ್ತಿಗೆ ಆಕೆಯ ಪಾತ್ರವೇ ಇಲ್ಲ. ಅದೇ ನಟಿ ಆಮೇಲೆ ಕೂದಲ ಬಣ್ಣ ಬದಲಿಸಿ ನರ್ಸ್ ಆಗಿ ಬಂದರು. ಹಡಗಿನ ಸಂಪರ್ಕ ಅಧಿಕಾರಿ ಉಹುರಾ ಪಾತ್ರದ ನಿಶೆಲ್ ನಿಕಲ್ಸ್‌ಗೆ ಬರುವ ಮಾತು ಹೆಚ್ಚಾಗಿ ಟೆಲಿಫೋನ್ ಎಕ್ಸ್‌ಚೇಂಜಿನವರ ಮಾತು. ಮೊದಲ ಸೀಸನ್ ಮುಗಿದಾಗ ಬಿಟ್ಟು ಹೋಗುತ್ತೇನೆ ಅಂತ ಹೊರಟಿದ್ದರು, ಮಾರ್ಟಿನ್ ಲೂಥರ್ ಕಿಂಗ್ ಹೋಗಬೇಡ ಅಂದದ್ದಕ್ಕೆ ಉಳಿದರಂತೆ, ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. 1966ರ ಅಮೆರಿಕದ ಟಿವಿಯಲ್ಲಿ ಒಬ್ಬ ಕಪ್ಪು ಹೆಂಗಸು ಅಧಿಕಾರಿಯ ಕುರ್ಚಿಯಲ್ಲಿ ಕೂತಿದ್ದೇ ಅಷ್ಟು ದೊಡ್ಡದು. ಅದು ಸರಿ. ಆದರೂ ಕೂತವರಿಗೆ ಕೆಲಸ ಕೊಡಬಹುದಿತ್ತು ಅಲ್ವಾ? ಕಟ್ಟ ಕಡೆಯ ಕಂತು 'ಟರ್ನ್‌ಅಬೌಟ್ ಇಂಟ್ರೂಡರ್' ಅಂತೂ ಹೆಂಗಸು ಕ್ಯಾಪ್ಟನ್ ಆಗೋಕೆ ಆಗಲ್ಲ ಅನ್ನುವುದರ ಮೇಲೆಯೇ ನಿಂತಿದೆ. ಕೋಪ ಬಂತು.

ಮೂರನೇ ಸೀಸನ್‌ನ 24 ಕಂತಲ್ಲಿ ಅರ್ಧ ಬಿಟ್ಟರೂ ನಷ್ಟ ಇಲ್ಲ. ಅಭಿಮಾನಿಗಳು ಪತ್ರದ ಮೇಲೆ ಪತ್ರ ಬರೆದು ಉಳಿಸಿಕೊಂಡ ಸೀಸನ್ ಅದು, ಉಳಿಸಿಕೊಂಡ ಮೇಲೆ ಚಾನೆಲ್‌ನವರು ಶುಕ್ರವಾರ ರಾತ್ರಿ ಹತ್ತಕ್ಕೆ ತಳ್ಳಿದರು, ದುಡ್ಡೂ ಕತ್ತರಿಸಿದರು. ದುಡ್ಡಿಲ್ಲದಿದ್ದರೆ ಒಳ್ಳೆಯದು ಅಂದೆನಲ್ಲ, ಅದು ಬರವಣಿಗೆ ಇರುವ ತನಕ. ಇಲ್ಲಿ ಬರವಣಿಗೆಯೂ ಕೈ ಕೊಟ್ಟಿದೆ. ಶುರುವಿನ 'ಸ್ಪಾಕ್ಸ್ ಬ್ರೇನ್'ನಲ್ಲಿ ಸ್ಪಾಕ್‌ನ ಮೆದುಳನ್ನೇ ಕದ್ದುಕೊಂಡು ಹೋಗುತ್ತಾರೆ, ಇವರು ಅವನ ದೇಹವನ್ನು ರಿಮೋಟ್ ಒತ್ತಿ ನಡೆಸಿಕೊಂಡು ಹುಡುಕಲು ಹೋಗುತ್ತಾರೆ. ಅಷ್ಟು ಹೊತ್ತಿಗೆ ಅವರೆ ಕಾಲವೂ ಮುಗಿದಿತ್ತು, ಅಮ್ಮನ ಕೈಗೆ ಕೆಲಸ ಇಲ್ಲ, ನಿದ್ದೆ ಹೋದರು.

ಈಗ ಪೆಟ್ಟಿಗೆ ವಿಷಯ. ಬ್ಲೂ-ರೇಯಲ್ಲಿ ಒಂದು ಅನುಕೂಲ ಇದೆ. 2006ರಿಂದ ಹಡಗು, ಗ್ರಹಗಳ ದೃಶ್ಯಗಳನ್ನೆಲ್ಲ ಕಂಪ್ಯೂಟರ್‌ನಲ್ಲಿ ಹೊಸದಾಗಿ ಮಾಡಿ ಸೇರಿಸಿದರು. ಡಿಸ್ಕ್‌ನಲ್ಲಿ ಹಳೆಯದು, ಹೊಸದು ಎರಡೂ ಇದೆ, ಬೇಕಾದ್ದು ಆರಿಸಿಕೊಳ್ಳಬಹುದು. ಹೊಸದು ನುಣ್ಣಗಿದೆ, ಆದರೆ ಒಳಗೆ ಹಳೇ ಸೆಟ್, ಹೊರಗೆ ಹೊಸ ಹಡಗು, ಹಳೇ ಪಂಚೆಗೆ ಹೊಸ ಜರಿ ಅಂಚು ಹೊಲಿದ ಹಾಗೆ. ನಾವು ಹಳೆಯದರಲ್ಲೇ ನೋಡಿದೆವು. ಚಿತ್ರ, ಬಣ್ಣ ಅದ್ಭುತ, ಅಂಗಿಯ ಹೊಲಿಗೆ ಸಹ ಕಾಣುತ್ತದೆ.

ಮೊದಲಿಂದ ಸಾಲಾಗಿ ನೋಡಬೇಡಿ, 'ಮ್ಯಾನ್ ಟ್ರ್ಯಾಪ್' ನೋಡಿ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. 'ಡೆವಿಲ್ ಇನ್ ದ ಡಾರ್ಕ್'ನಿಂದ ಶುರು ಮಾಡಿ, ಮನೆಯಲ್ಲಿ ಮಕ್ಕಳಿದ್ದರೆ ಟ್ರಿಬಲ್ ಅನ್ನುವ ತುಪ್ಪಳದ ಪುಟ್ಟ ಪ್ರಾಣಿಗಳ ಕಂತಿನಿಂದ. ಮತ್ತೆ ಸೆಕೆಂಡ್ ಹ್ಯಾಂಡ್ ತಗೊಂಡರೆ ಒಂದೊಂದು ಡಿಸ್ಕನ್ನೂ ಬೆಳಕಿಗೆ ಹಿಡಿದು ನೋಡಿ. ನನಗೆ ಮಾರಿದವರು "ಹೊಸದರ ಹಾಗಿದೆ" ಅಂದಿದ್ದರು, ಎರಡನೇ ಸೀಸನ್‌ನ ಒಂದು ಡಿಸ್ಕ್‌ಗೆ ಉದ್ದಕ್ಕೆ ಗೀಚು. ಈಗ ಮೆಸೇಜಿಗೆ ಉತ್ತರವೂ ಇಲ್ಲ. ಅದು ನಿಲ್ಲುವುದು ಎಲ್ಲಿ ಗೊತ್ತಾ? 'ಡೂಮ್ಸ್‌ಡೇ ಮೆಷೀನ್' ಕೊನೆಯಲ್ಲಿ. ಸ್ಫೋಟಕ್ಕೆ ಮೂವತ್ತು ಸೆಕೆಂಡ್, ಟ್ರಾನ್ಸ್‌ಪೋರ್ಟರ್ ಕೆಟ್ಟಿದೆ, ಹಡಗಿನ ಎಂಜಿನಿಯರ್ ಸ್ಕಾಟಿ ಕೊಳವೆಯೊಳಗೆ ತೂರಿಕೊಂಡು ರಿಪೇರಿ ಮಾಡುತ್ತಿದ್ದಾನೆ, ಕರ್ಕ್ ಅಲ್ಲೇ ಸಿಕ್ಕಿಕೊಂಡಿದ್ದಾನೆ. ಅಲ್ಲಿ ಚಿತ್ರ ಚೌಕಚೌಕವಾಗಿ ಒಡೆದು ನಿಂತಿತು. ಡಿಸ್ಕ್ ತೆಗೆದೆ, ಒರೆಸಿದೆ, ಊದಿದೆ, ಮತ್ತೆ ಹಾಕಿದೆ, ಮತ್ತೆ ಅಲ್ಲೇ. ಅಮ್ಮ ಪಾತ್ರೆ ಎತ್ತಿಕೊಂಡು ಅಡುಗೆಮನೆ ಕಡೆ ಹೊರಟರು.

"ಬರ್ತಾನೆ ಬಿಡೇ. ಇನ್ನೂ ಎಷ್ಟು ಡಿಸ್ಕ್ ಬಾಕಿ ಐತೆ, ಅವನಿಲ್ದೆ ಹೆಂಗೆ?"