ಪಾಯಿಂಟ್ ತೆಗೆದು ಕಿಟ್ ಹಾಕಿಸಿ ಮೂರು ವರ್ಷ

ಬದಿಯಡ್ಕದ ನಮ್ಮ ಮನೆಯಲ್ಲಿರುವುದು 1988ರ ಪ್ರೀಮಿಯರ್ ಪದ್ಮಿನಿ ಕಾರು. ಮೂರು ವರ್ಷದ ಹಿಂದೆ ಅದರ ಪಾಯಿಂಟ್ (ಪ್ಲಗ್ಗಿಗೆ ಕಿಡಿ ಬರಿಸುವ ಪುಟ್ಟ ಸ್ವಿಚ್), ಕಂಡೆನ್ಸರ್ ತೆಗೆಸಿ ಆ ಕೆಲಸಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿಸಿದೆ. ಮೂರೂವರೆ ಸಾವಿರ ಆಯಿತು.

ಮೊದಲಾದರೆ ತಿಂಗಳಿಗೊಂದು ಭಾನುವಾರ ಪಾಯಿಂಟಿನ ಸಂದು ಸರಿ ಮಾಡಲಿಕ್ಕೇ ಮೀಸಲು. ಪಾಯಿಂಟ್ ಕೂತಿರುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ಕ್ಲಿಪ್ ಬಿಡಿಸಿ, ರೋಟರ್ ಎತ್ತಿಟ್ಟು, ಟಾಪ್ ಗೇರಿನಲ್ಲಿ ಕಾರನ್ನು ಮೆಲ್ಲ ದೂಡಬೇಕು. ಕ್ಯಾಮಿನ ಮೂಲೆ ತಾಗಿ ಪಾಯಿಂಟ್ ಪೂರ್ತಿ ಬಾಯಿ ಬಿಟ್ಟಾಗ ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್ ತೂರಿಸಬೇಕು. 0.4 ಮಿ.ಮೀ. ಆಸುಪಾಸು. ಎಳೆದರೆ ಬೆರಳಿಗೆ ಸ್ವಲ್ಪವೇ ಹಿಡಿದ ಹಾಗಾಗಬೇಕು. ಸರಿಯಾಯಿತು ಅಂತ ಸ್ಕ್ರೂ ಬಿಗಿ ಮಾಡಿದರೆ ಪ್ಲೇಟ್ ಜಾರಿರುತ್ತದೆ. ಮತ್ತೆ ಮೊದಲಿಂದ!

ಆ ಪುಟ್ಟ ಪಾಯಿಂಟ್ ತೆರೆದಾಗಲೆಲ್ಲ ಕಾಯಿಲ್‌ಗೆ ಹೋಗುವ ಕರೆಂಟ್ ತುಂಡಾಗುತ್ತದೆ. ಆ ಕ್ಷಣದಲ್ಲೇ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪಾಯಿಂಟಿನಲ್ಲಿ ಕಿಡಿ ತಗ್ಗಿಸಲು ಕಂಡೆನ್ಸರ್ ಇದ್ದರೂ ಅದು ಅಷ್ಟಿಷ್ಟು ಸುಡುತ್ತಲೇ ಇರುತ್ತದೆ. ಕಿಟ್‌ನಲ್ಲಿ ಆ ಕೆಲಸಕ್ಕೆ ಮ್ಯಾಗ್ನೆಟ್, ಸೆನ್ಸರ್. ಉಜ್ಜುವುದೂ ಇಲ್ಲ, ಸವೆಯುವುದೂ ಇಲ್ಲ.

ಎರಡು ವರ್ಷ ಸುಖವೇ ಸುಖ. ಮಳೆಗಾಲದ ಬೆಳಿಗ್ಗೆ ಚೋಕ್ ಎಳೆದು ಒಂದು ಸೆಲ್ಫ್ ಕೊಟ್ಟರೆ ಸಾಕು. ಭಾನುವಾರ ಖಾಲಿ ಖಾಲಿ ಅನಿಸಿದ್ದು ಬಿಟ್ಟರೆ ದೂರು ಇರಲಿಲ್ಲ.

ಕಳೆದ ಆಟಿ ತಿಂಗಳಲ್ಲಿ, ಪೆರ್ಲದ ದಾರಿಯ ಏರಿನಲ್ಲಿ, ಇಂಜಿನ್ ಸ್ವಿಚ್ ಆರಿಸಿದ ಹಾಗೆ ನಿಂತಿತು. ಕೆಮ್ಮಲಿಲ್ಲ, ಮಿಸ್ಸಿಂಗ್ ಇಲ್ಲ. ಪಾಯಿಂಟ್ ಹಾಗಲ್ಲ. ಸಾಮಾನ್ಯವಾಗಿ ಹದಿನೈದು ದಿನ ಮೊದಲೇ ಗೊಣಗಲು ಶುರು ಮಾಡುತ್ತದೆ. ಕೈಕೊಟ್ಟರೂ ಬೆಂಕಿಪೊಟ್ಟಣದ ಬದಿಯಿಂದ ಉಜ್ಜಿ ಮನೆಗೆ ಬರಬಹುದು. ನಿಲ್ಲಿಸಿದ ಜೀಪಿನವರು ಕ್ಯಾಪ್ ತೆಗೆದು ನೋಡಿ ನಕ್ಕರು, "ಇದರಲ್ಲಿ ಉಜ್ಜಲಿಕ್ಕೆ ಎಂತ ಉಂಟು ಭಟ್ರೇ?" ಹಗ್ಗ ಕಟ್ಟಿ ಎಳೆಸಿಕೊಂಡು ಬಂದೆ.

ಆ ಸಿಟ್ಟಿನಲ್ಲಿ ಕಿಟ್‌ಗೆ ಒಂದೇ ಸ್ಟಾರ್ ಕೊಡುವವನಿದ್ದೆ. ಆಮೇಲೆ ಗೊತ್ತಾಯಿತು, ಹಿಂದಿನ ದಿನ ಮೊಮ್ಮಗ ಇಂಜಿನ್ ನಿಲ್ಲಿಸಿ, ಕೀ ಆನ್ ಇಟ್ಟು ಗಂಟೆಗಟ್ಟಲೆ ಹಾಡು ಕೇಳಿದ್ದ. ಹಾಗಿಟ್ಟರೆ ಕಾಯಿಲ್ ಕಾಯುತ್ತದೆ, ಕಿಟ್ ಸುಡುತ್ತದೆ. ಜೊತೆಗೆ ಬಂದ ಚೀಟಿಯಲ್ಲಿ ಅದನ್ನೇ ಬರೆದಿದ್ದರು. ಅದನ್ನು ನಾನು ಓದಿದ್ದರೆ ತಾನೇ!

ಮತ್ತೆ ಅದೇ ಕಿಟ್ ಹಾಕಿಸಿದ್ದೇನೆ. ನಾಲ್ಕು ಸ್ಟಾರ್. ಡಿಕ್ಕಿಯ ಬಿಸ್ಕೆಟ್ ಡಬ್ಬಿಯಲ್ಲಿ ಹಳೇ ಪಾಯಿಂಟ್ ಪ್ಲೇಟ್, ಕಂಡೆನ್ಸರ್, ಫೀಲರ್ ಗೇಜ್, ಒಂದು ಬೆಂಕಿಪೊಟ್ಟಣ ಇವೆ. ಮೊಮ್ಮಗನಿಗೆ ಬೇರೆ ಸ್ಪೀಕರ್ ತೆಗೆದುಕೊಟ್ಟೆ.