ಬೋರ್ಡ್ ಇಲ್ಲದ ಝೆರಾಕ್ಸ್ ಅಂಗಡಿಗೆ ಐದರಲ್ಲಿ ನಾಲ್ಕು ಸ್ಟಾರ್

ಕಲಬುರಗಿಯ ಮಿನಿ ವಿಧಾನಸೌಧದ ಸುತ್ತ ಝೆರಾಕ್ಸ್ ಅಂಗಡಿಗಳಿಗೇನೂ ಬರವಿಲ್ಲ. ನಾನು ಹೇಳುತ್ತಿರುವುದು ಒಳಗಿನ ಗಲ್ಲಿಯ ಒಂದು ಅಂಗಡಿಯ ಬಗ್ಗೆ. ಹೆಸರು ಹೇಳೋಣ ಅಂದ್ರೆ ಬೋರ್ಡೇ ಇಲ್ಲ. 'ಟೈಪಿಂಗ್, ಝೆರಾಕ್ಸ್, ಲ್ಯಾಮಿನೇಷನ್' ಅಂತ ಶಟರ್ ಮೇಲೆ ಬರೆಸಿದ್ದಾರೆ. ಅದು ಕಾಣುವುದು ಶಟರ್ ಇಳಿಸಿದಾಗ ಮಾತ್ರ, ಅಂದ್ರೆ ಅಂಗಡಿ ಮುಚ್ಚಿದ ಮೇಲೆ. ಬಾಗಿಲಲ್ಲಿ ಒಂದು ಚಹಾದ ಬಂಡಿ ನಿಂತಿರುತ್ತೆ, ಅದೇ ಗುರುತು.

ನಾವು ಅಲ್ಲಿಗೆ ಹೋಗಿದ್ದು ಪಾರ್ಕಿನ ಸಲುವಾಗಿ. ನಮ್ಮ ಲೇಔಟ್ ರಿಂಗ್ ರೋಡಿನಿಂದ ಸ್ವಲ್ಪ ಒಳಗೆ. ನಕ್ಷೆ ಮಂಜೂರಾದಾಗಲೇ ಪಾರ್ಕ್ ಅಂತ ಬಿಟ್ಟ ಜಾಗ ಒಂದಿದೆ. ದೊಡ್ಡದೇನಲ್ಲ. ಬೇವು, ಹೊಂಗೆ, ಎರಡು ಗುಲ್‌ಮೊಹರ್, ಮುರಿದ ಜಾರುಬಂಡೆ. ಆದರೆ ಮೇ ತಿಂಗಳಲ್ಲಿ ಈ ಊರಿನ ಬಿಸಿಲು 40 ದಾಟಿದ ಮೇಲೆ, ಸಂಜೆ ಐದಕ್ಕೂ ಮನೆಯ ಗೋಡೆ ಮುಟ್ಟಿದರೆ ಸುಡುವಾಗ, ಅಜ್ಜ ಅಜ್ಜಿಯರು ಎಲ್ಲಿಗೆ ಹೋಗಬೇಕು ಹೇಳಿ? ಆ ಬೇವಿನ ಕೆಳಗಿನ ಕಟ್ಟೆಗೇ. ಪಾರ್ಕಿನ ಒಂದು ಮೂಲೆಗೆ ತಾಗಿ ಮೂರು ದಾರಿ ಕೂಡುತ್ತವೆ, ಬೆಳಿಗ್ಗೆ ಅಲ್ಲಿ ಗಾಡಿ ಸಿಕ್ಕಿಕೊಳ್ಳುವುದು ನಿಜ. ಅದಕ್ಕೆ ಮೂಲೆ ಕತ್ತರಿಸಿ ಪಾರ್ಕಿನ ಒಳಗಿಂದಲೇ ನಾಲ್ಕನೇ ದಾರಿ ತಂದು ದೊಡ್ಡ ಜಂಕ್ಷನ್ ಮಾಡುವ ಯೋಜನೆ ಬಂತು. ನಮಗೆ ಗೊತ್ತಾಗಿದ್ದು ಹೇಗೆ ಗೊತ್ತಾ? ಒಂದು ದಿನ ಮರಗಳ ಮೇಲೆ ಕೆಂಪು ಬಣ್ಣದಲ್ಲಿ ನಂಬರ್ ಬಿದ್ದಿತ್ತು.

ಮೊದಲ ಅರ್ಜಿ ನಮ್ಮ ಓಣಿಯ ಇಬ್ಬರು ಹಿರಿಯರು ಬರೆದರು. ಒಬ್ಬರು ನಿವೃತ್ತ ಎಂಜಿನಿಯರ್ ಕಾಕಾ, ಇನ್ನೊಬ್ಬರು ನಿವೃತ್ತ ಕನ್ನಡ ಟೀಚರ್. ಎರಡೂವರೆ ಪುಟ. ಅದರಲ್ಲಿ ಶರಣರಿದ್ದರು, ವೃಕ್ಷ ದೇವೋ ಭವ ಇತ್ತು, ಮುಂದಿನ ಪೀಳಿಗೆ ಇತ್ತು, ಇಲ್ಲದ್ದು ಒಂದೇ, ಪಾರ್ಕಿನ ಸರ್ವೆ ನಂಬರ್. ಟೈಪ್ ಮಾಡುವ ಅಣ್ಣ ಎರಡು ನಿಮಿಷ ಓದಿದರು. ಆಮೇಲೆ ಮೆಲ್ಲಗೆ ಕೇಳಿದರು, "ಅಕ್ಕಾರ, ಇದು ಭಾಷಣಕ್ಕ ಛಂದ ಅದ. ಕಚೇರಿಗೆ ಕೊಡ್ತೀರೇನು?"

ಅಲ್ಲಿಂದ ಶುರುವಾಯಿತು ನೋಡಿ. ಯಾವ ಸರ್ವೆ ನಂಬರ್, ಲೇಔಟ್ ನಕ್ಷೆಯ ಪ್ರತಿ ಅದಾ ಇಲ್ಲಾ, ಪೇಪರಿನಲ್ಲಿ ಪ್ರಕಟಣೆ ಬಂದಿತ್ತಾ, ಬಂದಿದ್ದರೆ ಯಾವ ದಿನ. ನಮಗೆ ಒಂದೂ ಗೊತ್ತಿರಲಿಲ್ಲ. ಆ ಅಣ್ಣ ವಕೀಲರಲ್ಲ, ಆದರೆ ಇಂಥ ಅರ್ಜಿಗಳನ್ನು ಹೊಡೆದು ಹೊಡೆದು ಯಾವುದಕ್ಕೆ ಉತ್ತರ ಬರುತ್ತೆ, ಯಾವುದು ಕಡತದ ಕೆಳಗೆ ಸೇರುತ್ತೆ ಅಂತ ಅವರಿಗೆ ಬಾಯಿಪಾಠ ಆಗಿದೆ. ಮಾಸ್ಟರ್ ಪ್ಲಾನ್‌ನಲ್ಲಿ ಪಾರ್ಕ್ ಅಂತ ತೋರಿಸಿದ ಜಾಗದ ಬಳಕೆ ಬದಲಿಸಬೇಕಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಪ್ರಕಾರ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಜನರ ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಪಾರ್ಕು, ಮೈದಾನ, ಬಯಲು ಜಾಗ ಉಳಿಸುವುದಕ್ಕೇ 1985ರದ್ದೊಂದು ರಾಜ್ಯ ಕಾಯ್ದೆ ಇದೆ. ಇದನ್ನೆಲ್ಲ ನಮ್ಮ ಕಾಕಾ ಆಮೇಲೆ ಪುಸ್ತಕ ತೆಗೆದು ನೋಡಿ ಹೌದು ಅಂದರು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯ ಪಾರ್ಕ್ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದನ್ನು ಸುಪ್ರೀಂ ಕೋರ್ಟ್ 1991ರಲ್ಲಿ ಒಪ್ಪಲಿಲ್ಲ, ಅಲ್ಲಿ ಕೇಸ್ ಹಾಕಿದ್ದು ಅದೇ ಬಡಾವಣೆಯ ಜನ. ಆ ತೀರ್ಪಿನ ಸಾಲೊಂದು ಅರ್ಜಿಯಲ್ಲಿ ಸೇರಿಸಿದ್ದೂ ಈ ಅಂಗಡಿಯಲ್ಲಿ ಕೂತೇ.

ಮರಗಳ ವಿಷಯಕ್ಕೆ ಬಂದಾಗ ಸ್ವಲ್ಪ ನಾಚಿಕೆ ಆಯಿತು. '50ಕ್ಕೂ ಹೆಚ್ಚು ಮರ ಕಡಿಯುತ್ತಾರೆ' ಅಂತ ನಾವು ಬರೆದಿದ್ದೆವು. 50 ದಾಟಿದರೆ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು ಅಂತ ಯಾರೋ ಹೇಳಿದ್ದರು, ಅದಕ್ಕೆ ಆ ಸಂಖ್ಯೆ ನಮಗೆ ಬಹಳ ಇಷ್ಟವಾಗಿತ್ತು. ಅಣ್ಣ ಕೀಬೋರ್ಡ್ ಮೇಲೆ ಬೆರಳಿಟ್ಟು ತಿರುಗಿ ನೋಡಿದರು. "ಎಣಿಸೀರೇನ್ರಿ?" ಎಣಿಸಿರಲಿಲ್ಲ. ಮರುದಿನ ಬೆಳಿಗ್ಗೆ ಹೋಗಿ ಎಣಿಸಿದೆವು. ಕೆಂಪು ನಂಬರ್ ಬಿದ್ದಿದ್ದು 31. ಆ ಸಾಲು ತೆಗೆದು, ಈ 31 ಮರಗಳಿಗೆ ವೃಕ್ಷ ಅಧಿಕಾರಿಯ ಅನುಮತಿ ಆಗಿದೆಯಾ ಅಂತ ಮಾತ್ರ ಕೇಳಿದೆವು. ಸುಳ್ಳು ಸಂಖ್ಯೆ ಒಂದಿದ್ದರೆ ಮಿಕ್ಕ ನಿಜವೂ ಅದರ ಜೊತೆ ಹೋಗುತ್ತಿತ್ತು, ಅದರಲ್ಲಿ ನನಗೆ ಅನುಮಾನವೇ ಇಲ್ಲ.

ಎಂಜಿನಿಯರ್ ಕಾಕಾನ ಒಂದು ಪಾಯಿಂಟ್ ಮಾತ್ರ ಪೂರ್ತಿ ಉಳಿಯಿತು. ಮೂರು ದಾರಿ ಕೂಡುವಲ್ಲಿ ಗಾಡಿಗಳು ಒಂದಕ್ಕೊಂದು ಅಡ್ಡ ಬರುವ, ಸೇರುವ, ಬೇರೆಯಾಗುವ ಜಾಗಗಳು 9. ನಾಲ್ಕು ದಾರಿ ಕೂಡಿದರೆ ಅವು 32. ಇದು ಎಂಜಿನಿಯರಿಂಗ್ ಓದುವ ಹುಡುಗರಿಗೂ ಗೊತ್ತಿರುವ ಲೆಕ್ಕ. ಅಂದ್ರೆ ಈಗಿರುವ ಮೂರು ದಾರಿಯನ್ನೇ ಸರಿ ಮಾಡಿ, ರಸ್ತೆ ಮೇಲೆ ನಿಲ್ಲುವ ಗಾಡಿ ತೆಗೆಸಿ, ಸಿಗ್ನಲ್ ಹಾಕಿದರೆ ಸಾಲದಾ ಅನ್ನುವುದು ಅವರ ಮಾತು. ಅಣ್ಣನಿಗೆ ಅರ್ಥ ಆಗಲಿಲ್ಲ. ಕಾಕಾ ಕೆಟ್ಟುಹೋದ ಝೆರಾಕ್ಸ್ ಹಾಳೆ ಹಿಂದೆ ಗೆರೆ ಎಳೆದರು, ಗೆರೆ ಗೆರೆಗೆ ತಾಗುವ ಕಡೆ ಚುಕ್ಕೆ ಇಟ್ಟರು, ಇಬ್ಬರೂ ಸೇರಿ ಪೆನ್ನಿನ ತುದಿಯಿಂದ 32ರ ತನಕ ಎಣಿಸಿದರು, ನಡುವೆ ಒಮ್ಮೆ ತಪ್ಪಿ ಮತ್ತೆ ಮೊದಲಿನಿಂದ. ಹಿಂದೆ ಆದಾಯ ಪ್ರಮಾಣಪತ್ರಕ್ಕೆ ಕಾಯುತ್ತಿದ್ದ ಹುಡುಗನೂ ಎಣಿಸುತ್ತಿದ್ದ. ಆ ಹಾಳೆಯನ್ನೇ ಸ್ಕ್ಯಾನ್ ಮಾಡಿ ಅರ್ಜಿಗೆ ಲಗತ್ತಿಸಿದರು.

ಇನ್ನು ಒಂದು ಸ್ಟಾರ್ ಕಡಿಮೆ ಮಾಡಿದ್ದು ಯಾಕೆ ಅಂತ ಹೇಳಬೇಕಲ್ಲ. ಅರ್ಜಿಯ 40 ಪ್ರತಿ ತೆಗೆಸಿ, ಮನೆ ಮನೆಗೆ ಹೋಗಿ ಸಹಿ ಹಾಕಿಸುತ್ತಿದ್ದೆವು. ಹನ್ನೊಂದನೇ ಮನೆಯಲ್ಲಿ ಟೀಚರ್ ಕನ್ನಡಕ ಹಾಕಿಕೊಂಡು ವಿಷಯದ ಸಾಲು ಜೋರಾಗಿ ಓದಿದರು. 'ವಿಷಯ: ಉದ್ಯಾನವನದಲ್ಲಿ ಜಂಕ್ಷನ್ ನಿರ್ಮಾಣಕ್ಕೆ ಅಪೇಕ್ಷಣೆ ಸಲ್ಲಿಸುವ ಕುರಿತು.' ಆಕ್ಷೇಪಣೆ ಹೋಗಿ ಅಪೇಕ್ಷಣೆ ಆಗಿತ್ತು. ಹತ್ತು ಮನೆಯವರು ಪಾರ್ಕಿನಲ್ಲಿ ಜಂಕ್ಷನ್ ಬೇಕೇ ಬೇಕು ಅಂತ ಸಹಿ ಮಾಡಿ ಕೊಟ್ಟಿದ್ದರು, ಅದರಲ್ಲಿ ನಮ್ಮ ಮನೆಯವರೂ ಒಬ್ಬರು. ಮತ್ತೆ ಅಂಗಡಿಗೆ ಓಡಿದೆ. ಅಣ್ಣ ತಲೆ ಮೇಲೆ ಕೈಯಿಟ್ಟುಕೊಂಡರು, 40 ಪ್ರತಿಯನ್ನೂ ಬಿಟ್ಟಿಯಾಗಿ ಹೊಸದಾಗಿ ತೆಗೆದು ಕೊಟ್ಟರು. ಆ ಕ್ಷಣಕ್ಕೆ ಅದು ಸುಮ್ನೆ ಕೈತಪ್ಪು ಅಂತಲೇ ಅಂದುಕೊಂಡೆ.

ಆಮೇಲೆ ಒಂದು ದಿನ ಗೊತ್ತಾಯಿತು, ಅಣ್ಣ ಜಂಕ್ಷನ್ ಪರ! ಪ್ರಿಂಟ್ ಬರುವವರೆಗೆ ಸುಮ್ನೆ ಮಾತಿಗೆ ಕೇಳಿದೆ. "ನನ್ನ ಕೇಳಿದ್ರ ಆ ರಸ್ತಾ ಆಗಬೇಕ್ರಿ ಅಕ್ಕಾರ. ಮುಂಜಾನಿ ಮಗನ್ನ ಸಾಲಿಗೆ ಬಿಡ್ಲಾಕ ಹೋದ್ರ ಅಲ್ಲೇ ಹದಿನೈದು ನಿಮಿಷ ನಿಲ್ತೀನಿ." ನನಗೆ ತಕ್ಷಣ ಆ ಅಪೇಕ್ಷಣೆ ನೆನಪಾಯಿತು. ನೇರವಾಗಿ ಕೇಳಿಯೂ ಬಿಟ್ಟೆ. ಅವರು ನಗಲಿಲ್ಲ. "ಬೇಕಂತ ಮಾಡಿದ್ರ ಮೊದಲನೇ ಸಾಲಿನಾಗ ಮಾಡ್ತಿದ್ದಿಲ್ರಿ, ನಡುವ ಎಲ್ಲಾರ ಮಾಡ್ತಿದ್ದೆ" ಅಂದರು. ಇದಕ್ಕೆ ಏನು ಹೇಳಬೇಕು?

ನಾನು ನಂಬಿದೆ. ಕಾರಣ ಅದೇ ವಾರ ನಡೆದದ್ದು. ನಮ್ಮ ಅರ್ಜಿ ಪ್ರಿಂಟ್ ಆಗಿ ಮೇಜಿನ ಮೇಲಿತ್ತು. ಜಂಕ್ಷನ್ ಬೇಗ ಮಾಡಿ ಅಂತ ಮನವಿ ಟೈಪ್ ಮಾಡಿಸಲು ಆ ರಸ್ತೆಯ ನಾಲ್ಕು ಅಂಗಡಿಯವರು ಬಂದರು. ಅವರು ಮಾತು ಶುರು ಮಾಡುವ ಮೊದಲೇ ಅಣ್ಣ ನಮ್ಮ ಹಾಳೆಗಳನ್ನು ಬೋರಲು ಹಾಕಿ ಮೇಲೆ ಸ್ಟೇಪ್ಲರ್ ಇಟ್ಟರು. ಅವರಿಗೂ ಅದೇ ಪ್ರಶ್ನೆಗಳು: ತಾರೀಖು ಯಾವುದು, ಎಷ್ಟು ಗಾಡಿ ಓಡಾಡ್ತಾವ, ಎಣಿಸೀರೇನ್ರಿ? ಅವರೂ ಎಣಿಸಿರಲಿಲ್ಲ. ನಾನು ಹೊರಗೆ ಚಹಾ ಕುಡಿಯುತ್ತಾ ಕೇಳಿಸಿಕೊಂಡು ಸ್ವಲ್ಪ ಖುಷಿಪಟ್ಟೆ, ಸುಳ್ಳು ಯಾಕೆ ಹೇಳಲಿ. ಅವರ ತೊಂದರೆಯೂ ತೊಂದರೆಯೇ. ಬೆಳಿಗ್ಗೆ ಅಲ್ಲಿ ಆಂಬುಲೆನ್ಸ್ ನಿಂತಿದ್ದನ್ನು ನಾನೂ ನೋಡಿದ್ದೇನೆ. ಅದಕ್ಕೆ ಮದ್ದು ಪಾರ್ಕಿನೊಳಗೇ ಯಾಕೆ ಹುಡುಕಬೇಕು ಅನ್ನುವುದಷ್ಟೇ ನಮ್ಮ ಜಗಳ.

ಮಾಹಿತಿ ಹಕ್ಕಿನ ಅರ್ಜಿಗೆ ಇವರನ್ನು ಬಿಟ್ಟರೆ ಬೇರೆ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿ ಅಂದ್ರೆ ಒಂದೇ ವಿಷಯ, ಅದೂ 150 ಪದದ ಒಳಗೆ. ಕಾಕಾ ಬರೆದುಕೊಂಡು ಹೋಗಿದ್ದು 212 ಪದ. 'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕಳಕಳಿಯಿಂದ ವಿನಂತಿಸಿಕೊಳ್ಳುವುದೇನೆಂದರೆ' ಅನ್ನುವುದಕ್ಕೇ ಆರು ಪದ ಹೋಗಿತ್ತು. ಅಣ್ಣ ಒಂದೊಂದೇ ಅಳಿಸುತ್ತಾ ಹೋದರು, ಕಾಕಾನಿಗೆ ಪ್ರತಿಯೊಂದಕ್ಕೂ ಹೊಟ್ಟೆ ಉರಿ. "ಕಾಕಾರ, ವಿನಂತಿಗೆ ಉತ್ತರ ಬರಂಗಿಲ್ರಿ, ಪ್ರಶ್ನೆಗೆ ಬರ್ತದ." ಕಡೆಗೆ 138ಕ್ಕೆ ನಿಂತಿತು. ಪ್ರಕಟಣೆ ಹೊರಡಿಸಿದ ದಿನಾಂಕ, ಪತ್ರಿಕೆಯ ಪ್ರತಿ, ಅನುಮೋದನೆಯ ಪ್ರತಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ನಾವೇ ತರಬೇಕು, ಅವರು ಇಟ್ಟುಕೊಂಡಿರುವುದಿಲ್ಲ.

30 ದಿನದ ಒಳಗೆ ಉತ್ತರ ಬರಬೇಕು. 28ನೇ ದಿನ ಬಂತು. ಒಂದೇ ಸಾಲು, ಪ್ರಕಟಣೆಯ ಪ್ರತಿ 'ಕಡತದಲ್ಲಿ ಲಭ್ಯವಿರುವುದಿಲ್ಲ'. ಅಂದ್ರೆ ಪ್ರಕಟಣೆ ಕೊಟ್ಟಿದ್ದಕ್ಕೆ ಅವರ ಹತ್ತಿರ ದಾಖಲೆಯೇ ಇಲ್ಲ. ಆ ಸಾಲಿಗೆ ನಾವು ಓಣಿಯಲ್ಲಿ ಪೇಢೆ ಹಂಚಿದೆವು ಅಂದ್ರೆ ನಂಬುತ್ತೀರಾ? ಮುಂದೆ ಕೋರ್ಟಿಗೆ ಹೋಗಬೇಕಾದರೆ ಬೆಂಗಳೂರಿನ ಬಸ್ ಹತ್ತುವುದೂ ಬೇಡ. ಹೈಕೋರ್ಟಿನ ಸಂಚಾರಿ ಪೀಠ 2008ರಲ್ಲೇ ಇಲ್ಲಿಗೆ ಬಂದಿದೆ, 2013ರಿಂದ ಕಾಯಂ ಆಗಿದೆ. ಸದ್ಯಕ್ಕೆ ಕೆಂಪು ನಂಬರ್ ಹಾಗೇ ಇದೆ, ಕೊಡಲಿ ಬಂದಿಲ್ಲ.

ದೂರುಗಳು ಇನ್ನೂ ಇವೆ. ಎಲ್ಲವನ್ನೂ 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಹೊಡೆಯುತ್ತಾರೆ, ಕಚೇರಿಗೆ ಅದು ಸರಿ. ಆ ಫೈಲನ್ನು ವಾಟ್ಸಾಪ್‌ನಲ್ಲಿ ಹಾಕಿದರೆ ಮೊಬೈಲ್ ತುಂಬಾ ತಲೆಬುಡ ಇಲ್ಲದ ಚಿಹ್ನೆಗಳು. ನಮ್ಮ ಗ್ರೂಪಿನಲ್ಲಿ ಒಬ್ಬರು ವೈರಸ್ ಅಂತ ಹೆದರಿ ಗ್ರೂಪೇ ಬಿಟ್ಟು ಹೋದರು. ಮೊಬೈಲಿನಲ್ಲೂ ಓದಲು ಬರುವ ಯೂನಿಕೋಡ್‌ನಲ್ಲಿ ಬೇಕು ಅಂತ ಮೊದಲೇ ಹೇಳಿ, ಇಲ್ಲವಾದರೆ ಪಿಡಿಎಫ್ ಮಾಡಿಸಿಕೊಳ್ಳಿ. ಕರೆಂಟ್ ಹೋದರೆ ಯುಪಿಎಸ್ ಐದು ನಿಮಿಷ ಕೂಗಿ ಸುಮ್ಮನಾಗುತ್ತೆ, ಸೇವ್ ಮಾಡದ ಪುಟ ಅದರ ಜೊತೆಗೇ ಹೋಗುತ್ತೆ. ನಮ್ಮದು ಒಂದು ಸಲ ಹೋಗಿದೆ. ಕೂರಲು ಇರುವುದು ಒಂದೇ ಸ್ಟೂಲ್, ಅದರ ಒಂದು ಕಾಲು ಗಿಡ್ಡ. ಫ್ಯಾನ್ ತಿರುಗುವುದು ಝೆರಾಕ್ಸ್ ಮಷೀನಿನ ಕಡೆಗೆ, ನಮ್ಮ ಕಡೆಗಲ್ಲ.

ಟೈಪಿಂಗ್ ಪುಟಕ್ಕೆ 40, ಝೆರಾಕ್ಸ್ ಒಂದು ಬದಿಗೆ 2 ರೂಪಾಯಿ. ತಿದ್ದುಪಡಿಗೆ ಜಾಸ್ತಿ ಕೇಳುವುದಿಲ್ಲ, ನಮ್ಮ ಕಾಕಾನಂಥವರು ಹೋದರೂ. ಹನ್ನೊಂದರ ಒಳಗೆ ಹೋಗಿ, ಆಮೇಲೆ ಪ್ರಮಾಣಪತ್ರದ ಹುಡುಗರ ಸಾಲು ಬಾಗಿಲ ತನಕ ಇರುತ್ತೆ. ಭಾನುವಾರ ರಜೆ. ಅರ್ಜಿ ಕೊಡಲು ಹೋಗುವಾಗ ಎರಡು ಪ್ರತಿ ಒಯ್ದು ಒಂದರ ಮೇಲೆ ತಾರೀಖಿನ ಸಮೇತ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ, ಇದನ್ನೂ ಅವರೇ ಹೇಳಿಕೊಟ್ಟದ್ದು. ಮತ್ತೆ ಪ್ರಿಂಟ್ ಕೈಗೆ ಬಂದ ಕೂಡಲೇ ವಿಷಯದ ಸಾಲು ಒಮ್ಮೆ ಜೋರಾಗಿ ಓದಿ, ಸಾಧ್ಯವಾದರೆ ಕನ್ನಡ ಟೀಚರ್ ಒಬ್ಬರನ್ನು ಜೊತೆಗೇ ಕರೆದುಕೊಂಡು ಹೋಗಿ.