7ನೇ ತರಗತಿಗೆ ಸ್ಟೋರಿವೀವರ್: ಓದಿಸುವುದಕ್ಕಿಂತ ಅನುವಾದ ಮಾಡಿಸುವುದರಲ್ಲೇ ಲಾಭ ಹೆಚ್ಚು

ಬೆಂಗಳೂರಿನ ಪೀಣ್ಯದ ಕಡೆ ಇರುವ ಶಾಲೆಯೊಂದರಲ್ಲಿ ನಾನು 7ನೇ ತರಗತಿಗೆ ಕನ್ನಡ ಕಲಿಸುತ್ತೇನೆ. ತರಗತಿಯ 38 ಮಕ್ಕಳಲ್ಲಿ ಅರ್ಧದಷ್ಟು ಜನರ ಮನೆಮಾತು ತೆಲುಗು, ತಮಿಳು, ಉರ್ದು ಅಥವಾ ಹಿಂದಿ. ಕನ್ನಡದ ಮನೆಗಳಲ್ಲೂ ರಾಯಚೂರು, ಯಾದಗಿರಿ ಕಡೆಯಿಂದ ದುಡಿಮೆಗೆ ಬಂದವರೇ ಹೆಚ್ಚು. ಇಂಥ ತರಗತಿಗೆ ಪುಸ್ತಕ ಆರಿಸುವುದು ಸುಲಭವಲ್ಲ. ತಡವರಿಸಿ ಓದುವ 12 ವರ್ಷದ ಹುಡುಗನ ಕೈಗೆ ಚಿಕ್ಕ ಮಕ್ಕಳ ಚಿತ್ರಪುಸ್ತಕ ಕೊಟ್ಟರೆ ಅವನು ಗೆಳೆಯರ ಮುಂದೆ ತಲೆ ತಗ್ಗಿಸುತ್ತಾನೆ. ವಯಸ್ಸಿಗೆ ತಕ್ಕ ಪುಸ್ತಕ ಕೊಟ್ಟರೆ ಎರಡನೇ ಪ್ಯಾರಾ ಮುಗಿಯುವ ಮೊದಲೇ ಕೆಳಗಿಡುತ್ತಾನೆ. ಈ ತೊಡಕನ್ನು ನೀಗಲು ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣ ಎಷ್ಟು ನೆರವಾಗುತ್ತದೆ ಎಂಬುದನ್ನು ಎರಡು ವರ್ಷ ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಸ್ಟೋರಿವೀವರ್ ನಮ್ಮ ಊರಿನದೇ ಕೂಸು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ಲಾಭದ ಉದ್ದೇಶವಿಲ್ಲದ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ ಇದನ್ನು 2015ರ ಸೆಪ್ಟೆಂಬರ್ 8ರಂದು, ಅಂತರರಾಷ್ಟ್ರೀಯ ಸಾಕ್ಷರತಾ ದಿನದಂದು, ಎಲ್ಲರಿಗೂ ತೆರೆದಿಟ್ಟಿತು. ಇಂದು ಇದರಲ್ಲಿ 300ಕ್ಕೂ ಹೆಚ್ಚು ಭಾಷೆಗಳ ಕಥೆಗಳಿವೆ. ಓದುವುದಕ್ಕೆ ಹಣ ಕೊಡಬೇಕಾಗಿಲ್ಲ. ಮುಕ್ತ ಪರವಾನಗಿ ಇರುವುದರಿಂದ ಬರೆದವರ, ಚಿತ್ರ ಬಿಡಿಸಿದವರ ಹೆಸರನ್ನು ಉಳಿಸಿಕೊಂಡು ಯಾರ ಅಪ್ಪಣೆಯನ್ನೂ ಕೇಳದೆ ಮುದ್ರಿಸಬಹುದು, ಅನುವಾದಿಸಬಹುದು, ಹಂಚಬಹುದು. ಈ ಕೊನೆಯ ಮಾತಿನ ಬೆಲೆ ನನಗೆ ತಿಳಿದದ್ದು ಬೇರೊಂದು ಕಡೆ ಪೆಟ್ಟು ತಿಂದ ಮೇಲೆ. ಅದಕ್ಕೂ ಮೊದಲು ನಮ್ಮ ಶಾಲೆಯವರು ಒಂದು ಖಾಸಗಿ ಕಂಪನಿಯಿಂದ ವಾರ್ಷಿಕ ಚಂದಾ ಕಟ್ಟಿ ಅನಿಮೇಷನ್ ಪಾಠಗಳನ್ನು ತರಿಸಿದ್ದರು. ಮಕ್ಕಳು ಸುಮ್ಮನೆ ಕುಳಿತು ನೋಡಿದರು. ಮರುವರ್ಷ ಚಂದಾ ಕಟ್ಟಲಾಗಲಿಲ್ಲ, ಪರದೆಯ ಮೇಲೆ ಪಾಸ್‌ವರ್ಡ್ ಕೇಳುವ ಚೌಕವೊಂದು ಬಿಟ್ಟರೆ ನಮ್ಮ ಕೈಯಲ್ಲಿ ಏನೂ ಉಳಿಯಲಿಲ್ಲ. ಸ್ಟೋರಿವೀವರ್‌ನಿಂದ ಮುದ್ರಿಸಿ ಹೊಲಿದ ಪುಸ್ತಕಗಳು ಈಗಲೂ ತರಗತಿಯ ಕಪಾಟಿನಲ್ಲಿವೆ.

ಕಥೆಗಳನ್ನು ಓದಿನ ಸಾಮರ್ಥ್ಯಕ್ಕೆ ತಕ್ಕಂತೆ 4 ಹಂತಗಳಾಗಿ ವಿಂಗಡಿಸಿದ್ದಾರೆ. ಮೊದಲ ವರ್ಷ ನಾನು 3 ಮತ್ತು 4ನೇ ಹಂತದ ಕನ್ನಡ ಕಥೆಗಳನ್ನು ಓದಿಸಿದೆ. ಚೆನ್ನಾಗಿ ಓದುವವರು ಹತ್ತು ನಿಮಿಷದಲ್ಲಿ ಮುಗಿಸಿ ಮುಂದೇನು ಎಂದು ಕೇಳಿದರು, ತಡವರಿಸುವವರು ಮೊದಲಿನಂತೆಯೇ ಹಿಂದೆ ಉಳಿದರು. ಎರಡನೇ ವರ್ಷ ಕ್ರಮವನ್ನು ತಿರುವುಮುರುವು ಮಾಡಿ, 1ನೇ ಹಂತದ ಇಂಗ್ಲಿಷ್ ಕಥೆಯನ್ನು ಕೊಟ್ಟು ಕನ್ನಡಕ್ಕೆ ಅನುವಾದಿಸಲು ಹೇಳಿದೆ. ಚಿಕ್ಕವರ ಪುಸ್ತಕ ಎಂಬ ನಾಚಿಕೆ ಆ ಕ್ಷಣದಲ್ಲೇ ಹೋಯಿತು, ಏಕೆಂದರೆ ಅವರು ಈಗ ಆ ಪುಸ್ತಕದ ಓದುಗರಾಗಿರದೆ ಅದನ್ನು ಚಿಕ್ಕವರಿಗಾಗಿ ಬರೆದುಕೊಡುವವರಾಗಿದ್ದರು.

ಆರಿಸಿಕೊಂಡದ್ದು 'ದಿ ಆ್ಯನ್ಯುಯಲ್ ಹೇರ್‌ಕಟ್ ಡೇ' ಎಂಬ ಹೆಸರಾಂತ ಕಥೆ. ಉದ್ದ ಕೂದಲಿನ ಶೃಂಗೇರಿ ಶ್ರೀನಿವಾಸ ಕ್ಷೌರ ಮಾಡಿಸಿಕೊಳ್ಳಲು ಒಬ್ಬೊಬ್ಬರ ಬಳಿಗೂ ಹೋಗುತ್ತಾನೆ, ಎಲ್ಲರೂ ಸಮಯವಿಲ್ಲವೆಂದು ಅವನನ್ನು ಸಾಗಹಾಕುತ್ತಾರೆ. ಇದರ ಕನ್ನಡ ರೂಪ ತಾಣದಲ್ಲೇ ಇದ್ದರೂ ಮೊದಲು ತೋರಿಸಲಿಲ್ಲ. ಒಂದು ಗುಂಪು 'ಸಮಯವಿಲ್ಲ' ಎಂದು ಬರೆಯಿತು. ಕ್ಷೌರಿಕ ಹಾಗೆ ಮಾತನಾಡುವುದಿಲ್ಲ, 'ಪುರುಸೊತ್ತಿಲ್ಲ' ಅನ್ನುತ್ತಾನೆ ಎಂದು ಇನ್ನೊಂದು ಗುಂಪು ವಾದಿಸಿತು. ರಾಯಚೂರಿನ ಹುಡುಗ ತನ್ನ ಅಜ್ಜ ಹೇಳುವುದು 'ವ್ಯಾಳ್ಯಾ ಇಲ್ಲ' ಎಂದ. ತೆಲುಗಿನ ಮನೆಯವನು 'ತೀರಿಕ ಲೇದು' ಎಂದ. ಆಗ ಉರ್ದು ಮನೆಮಾತಿನ, ತರಗತಿಯಲ್ಲಿ ಬಾಯಿ ಬಿಡುವುದೇ ಅಪರೂಪವಾದ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಪುರುಸೊತ್ತು ನಮ್ಮ ಮಾತು. ಅಮ್ಮಿ ದಿನಾ ಫುರ್ಸತ್ ನೈ ಅಂತಾರೆ" ಎಂದಳು. ಪುರುಸೊತ್ತು ನಿಜಕ್ಕೂ ಫುರ್ಸತ್‌ನಿಂದಲೇ ಬಂದದ್ದು. ಕನ್ನಡ ತನ್ನದಲ್ಲವೆಂದು ಹಿಂಜರಿಯುತ್ತಿದ್ದ ಮಗುವಿಗೆ ಕನ್ನಡದೊಳಗೇ ತನ್ನ ಮನೆಯ ಮಾತು ಸಿಕ್ಕಿತ್ತು. ಅಂದು ಆ ಒಂದು ವಾಕ್ಯದಲ್ಲೇ ಪೀರಿಯಡ್ ಮುಗಿಯಿತು, ಅದಕ್ಕೆ ನನಗೆ ಬೇಸರವಿಲ್ಲ. ಮರುದಿನ ತಾಣದ ಕನ್ನಡ ರೂಪವನ್ನು ಪಕ್ಕದಲ್ಲಿಟ್ಟಾಗ ಮಕ್ಕಳು ಅದನ್ನು ಓದಿದ ರೀತಿಯೇ ಬೇರೆಯಾಗಿತ್ತು. ಅನುವಾದಕರು ಯಾವ ಪದ ಆರಿಸಿದ್ದಾರೆ, ಏಕೆ ಎಂದು ಸಾಲುಸಾಲಿಗೂ ತಡೆದು ಕೇಳಿದರು. ಕುವೆಂಪು ಅವರು ರಾಬರ್ಟ್ ಬ್ರೌನಿಂಗ್‌ನ ಕವನವನ್ನು ತುಂಗಾ ತೀರಕ್ಕೆ ತಂದು ಬೊಮ್ಮನಹಳ್ಳಿಯ ಕಿಂದರಿಜೋಗಿಯನ್ನು ಸೃಷ್ಟಿಸಿದ್ದನ್ನು ಹೇಳಲು ನನಗೆ ಅದಕ್ಕಿಂತ ಒಳ್ಳೆಯ ದಿನ ಸಿಗುತ್ತಿರಲಿಲ್ಲ.

ಅನುವಾದವನ್ನು ತಾಣದಲ್ಲಿಯೇ ಮಾಡುವ ಸೌಲಭ್ಯವಿದೆ. ಆದರೂ ಮಕ್ಕಳು ಮೊದಲು ನೋಟ್‌ಬುಕ್‌ನಲ್ಲಿ ಬರೆಯಲಿ, ಟೈಪಿಂಗ್ ಆಮೇಲಾಗಲಿ ಎಂಬುದು ನನ್ನ ಸಲಹೆ, ಏಕೆಂದರೆ ಒತ್ತಕ್ಷರ ಹುಡುಕುವುದರಲ್ಲಿ ಮಗುವಿನ ಗಮನ ಕಥೆಯಿಂದ ಜಾರುತ್ತದೆ. ಪುಟ ತುಂಬ ಬಣ್ಣವಿರುವ ಕಥೆಗಳು ಜೆರಾಕ್ಸ್‌ನಲ್ಲಿ ಕಪ್ಪು ಮಸಿಯಂತಾಗುತ್ತವೆ. ಬಿಳಿ ಜಾಗ ಹೆಚ್ಚಿರುವ, ಗೆರೆಚಿತ್ರದ ಪುಸ್ತಕಗಳನ್ನು ಆರಿಸಿಕೊಳ್ಳಬೇಕು. ಯಾರು ಬೇಕಾದರೂ ಕಥೆ ಸೇರಿಸಬಹುದಾದ ತಾಣವಾದ್ದರಿಂದ ಎಲ್ಲ ಅನುವಾದಗಳ ಭಾಷೆಯೂ ಒಂದೇ ಮಟ್ಟದಲ್ಲಿರುವುದಿಲ್ಲ. ಶಿಕ್ಷಕರು ಹಿಂದಿನ ದಿನವೇ ಪೂರ್ತಿ ಓದಿಕೊಂಡು ತರಗತಿಗೆ ತರುವುದು ಅಗತ್ಯ.

ಇದರ ನಿಜವಾದ ಮಿತಿಯೆಂದರೆ ಉದ್ದದ ಓದು. ಒಂದು ವಾರ ಜೊತೆಗಿದ್ದು ಊಟದ ಬಿಡುವಿನಲ್ಲೂ ನೆನಪಾಗುವಂಥ ಪುಸ್ತಕದ ಅನುಭವವನ್ನು 4ನೇ ಹಂತದ ಕಥೆ ಕೊಡಲಾರದು. ಅದಕ್ಕೆ ಗಾಂಧಿನಗರದ ಸಪ್ನ ಬುಕ್ ಹೌಸ್‌ನಂಥ ಅಂಗಡಿಗೆ ಹೋಗಿ ಮುದ್ರಿತ ಪುಸ್ತಕವನ್ನೇ ಕೊಳ್ಳಬೇಕು. ನನ್ನ ಆಯ್ಕೆ ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ'. ಕಿವಿ ಎಂಬ ನಾಯಿಯ ಪ್ರಸಂಗವನ್ನು ನಾನು ಗಟ್ಟಿಯಾಗಿ ಓದಲು ಆರಂಭಿಸಿ ನಡುವೆ ನಿಲ್ಲಿಸುತ್ತೇನೆ. ಉಳಿದದ್ದನ್ನು ಓದಲು ಮಕ್ಕಳು ಸರದಿ ನಿಲ್ಲುತ್ತಾರೆ. ಶಾಲೆಯ ಗ್ರಂಥಾಲಯದ ಹಣ ಅಲ್ಪವೆಂದು ನನಗೆ ಗೊತ್ತು. ಹಾಗಾಗಿ ಚಿತ್ರಕಥೆಗಳನ್ನು ಸ್ಟೋರಿವೀವರ್‌ನಿಂದ ಉಚಿತವಾಗಿ ಪಡೆದು, ಉಳಿದ ಹಣವನ್ನೆಲ್ಲ ಒಂದೇ ಪುಸ್ತಕದ ಏಳೆಂಟು ಪ್ರತಿಗಳಿಗೆ ಹಾಕುವುದು ನಾನು ಕಂಡುಕೊಂಡ ದಾರಿ; ಒಂದೊಂದು ಪ್ರತಿಯ ಸುತ್ತ ನಾಲ್ಕೈದು ಮಕ್ಕಳು ಕುಳಿತು ಓದಬಹುದು.

ಮುದ್ರಿಸುವವರಿಗೆ ಇನ್ನೊಂದು ಮಾತು: ಕಾಗದ ಉಳಿಸಲೆಂದು ಕಥೆಯ ಕೊನೆಯಲ್ಲಿ ಹೆಸರುಗಳಿರುವ ಪುಟವನ್ನು ಬಿಡಬೇಡಿ. ಪರವಾನಗಿಗೆ ಅದು ಬೇಕು. ನಮ್ಮ ತರಗತಿಯ ಮಕ್ಕಳಂತೂ ಈಗ ಯಾವ ಪುಸ್ತಕ ಕೈಗೆ ಬಂದರೂ ಅದರಲ್ಲಿ ಅನುವಾದಕರ ಹೆಸರನ್ನೇ ಮೊದಲು ಹುಡುಕುತ್ತಾರೆ.